ಬಕೆಟ್ ತುಂಬುವಷ್ಟರಲ್ಲಿ ಇಂಜಿನ್ನಿನ ಜ್ವರ ಹಿಡಿಯುವ ತಂಪಕ್ಕ

ನಲವತ್ತೆರಡು ವರ್ಷಗಳ ಹಿಂದಿನ ಮಾತು. ಮೂವತ್ತೊಂದು ಪ್ರಯಾಣಿಕರನ್ನು ಹೊತ್ತ ದೋಣಿಯೊಂದು ಅಳಿವೆಯ ನಟ್ಟನಡುವೆ ಉಸಿರುಗಟ್ಟಿ ನಿಂತಿತ್ತು. ಹೊರಗಿನ ನೀರನ್ನು ಎಳೆದು ಇಂಜಿನ್ನಿಗೆ ಉಣಿಸುವ ಪಂಪಿನೊಳಗಿನ ರಬ್ಬರ್ ಚಕ್ರ ಚೂರುಚೂರಾಗಿತ್ತು. ತಂಪು ಕಾಣದ ಇಂಜಿನ್ ಕೆಂಡದಂತೆ ಕಾದಿತ್ತು. ಗಾಳಿ ತಿರುಗಿತ್ತು. ಇಳಿತದ ಸೆಳೆತ ದೋಣಿಯನ್ನು ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ಇಂಜಿನ್ ನೋಡಿಕೊಳ್ಳಲು ಅಂದು ದೋಣಿಯಲ್ಲಿದ್ದವಳು ಇಪ್ಪತ್ತೆರಡರ ಒಬ್ಬ ಹುಡುಗಿ. ಹಾಸಿಗೆ ಹಿಡಿದಿದ್ದ ಅಪ್ಪನ ಬದಲಿಗೆ ಬಂದಿದ್ದವಳು.

ಆಕೆ ಅಳಲಿಲ್ಲ, ಕೂಗಲೂ ಇಲ್ಲ. ದೋಣಿಯ ತಳದಲ್ಲಿ ಸೋರಿ ನಿಂತ ನೀರನ್ನು ಹೊರಹಾಕಲೆಂದು ಇಟ್ಟಿದ್ದ ಕೈಪಂಪನ್ನು ಕಿತ್ತು ತಂದಳು. ಅದರ ಒಂದು ಬಾಯಿಯನ್ನು ಅಳಿವೆಗೆ ಇಳಿಬಿಟ್ಟಳು. ಇನ್ನೊಂದನ್ನು, ಚಾಕುವಿನಿಂದ ಕತ್ತರಿಸಿದ ಹೋಸಿನ ಮೂಲಕ ಇಂಜಿನ್ನಿನ ಕೊಳವೆಗೆ ಸೇರಿಸಿ, ಯಾರದೋ ಸೂಟ್‌ಕೇಸಿನ ಬೆಲ್ಟಿನಿಂದ ಬಿಗಿದಳು. ಆಮೇಲೆ ಪ್ರಯಾಣಿಕರ ಕಡೆಗೆ ತಿರುಗಿ, "ಒಬ್ಬೊಬ್ಬರು ಮೂವತ್ತು ಸಲ ಎಳೀಬೇಕು. ಬಾಯಿಬಿಟ್ಟು ಎಣಿಸ್ತಾ ಎಳೀರಿ, ತಪ್ಪಿದ್ರೆ ಎಲ್ಲರೂ ಈಜೋದೇ" ಎಂದಳು. ಶಾಲೆಯ ಮೇಷ್ಟ್ರು ಎಳೆದರು, ಮೀನು ಮಾರುವವಳು ಎಳೆದಳು, ಕೋಟಿನ ತೋಳು ಮಡಚಿ ವಕೀಲರೊಬ್ಬರು ಎಳೆದರು. ಎರಡು ಗಂಟೆ ಹತ್ತು ನಿಮಿಷ ಮನುಷ್ಯರ ತೋಳುಗಳೇ ಆ ಇಂಜಿನ್ನಿಗೆ ನೀರುಣಿಸಿದವು. ಮೂವತ್ತೊಂದು ಜನರೂ ಒಣಬಟ್ಟೆಯಲ್ಲಿ ದಡ ಹತ್ತಿದರು. ಹುಡುಗಿಯ ಬಲ ಅಂಗೈ ಮಾತ್ರ ಸುಟ್ಟು ಬೊಬ್ಬೆ ಎದ್ದಿತ್ತು.

ಅಂದು ದೋಣಿಕಟ್ಟೆಯ ಮೇಲೆ ಯಾರೋ ಇಟ್ಟ ಹೆಸರು ಇಂದಿಗೂ ನಿಂತಿದೆ: ತಂಪಕ್ಕ. ಹೆಣ್ಣಿನ ಕೈಗೆ ಸ್ಪ್ಯಾನರ್ ಕೊಡುವುದೇ ಎಂದು ಮೂಗು ಮುರಿಯುತ್ತಿದ್ದವರು ಮರುವಾರವೇ ತಮ್ಮ ಇಂಜಿನ್ನುಗಳನ್ನು ಆಕೆಯ ಮುಂದೆ ತಂದಿಳಿಸಿದರು. ಈಗ ಅರವತ್ತನಾಲ್ಕರ ತಂಪಕ್ಕನ ಸ್ವಭಾವ ಮಾತ್ರ ಹೆಸರಿಗೆ ತದ್ವಿರುದ್ಧ. "ಇಂಜಿನ್ನಿನ ಬಿಸಿ ಎಲ್ಲಾ ಇವಳೇ ಎಳೆದುಕೊಂಡುಬಿಡ್ತಾಳೆ, ಅದಕ್ಕೇ ಅದು ತಣ್ಣಗಾಗೋದು" ಎಂದು ಅವರ ಗಂಡ, ದೋಣಿ ಕಟ್ಟುವ ಹಳೆಯ ಬಡಗಿ, ನಗುತ್ತಾರೆ.

ಬೆಳಗಿನ ಐದೂವರೆ. ಕಟ್ಟೆಯ ಕಂಬದ ದೀಪ ಇನ್ನೂ ಉರಿಯುತ್ತಿದೆ. ‘ಮುದುಕಿ’ ಎಂದೇ ಎಲ್ಲರೂ ಕರೆಯುವ ಮರದ ದೋಣಿಯ ಹಿಂಬದಿಯಲ್ಲಿ ತಂಪಕ್ಕ ಮಂಡಿಯೂರಿದ್ದಾರೆ. ಕೈಯಲ್ಲಿ ಹತ್ತು ಲೀಟರಿನ ಹಳದಿ ಬಕೆಟ್. ದೋಣಿಯನ್ನು ನಾಲ್ಕು ಹಗ್ಗಗಳಿಂದ ಕಟ್ಟೆಗೆ ಬಿಗಿದು, ಇಂಜಿನ್ನನ್ನು ಗೇರಿನಲ್ಲೇ ಇರಿಸಲಾಗಿದೆ. ಮುದುಕಿ ಹಗ್ಗ ಜಗ್ಗುತ್ತ ನಿಂತಲ್ಲೇ ಏದುಸಿರು ಬಿಡುತ್ತಿದ್ದಾಳೆ. ಇಂಜಿನ್ನನ್ನು ತಂಪಾಗಿಸಿ ಹೊಗೆಕೊಳವೆಯಿಂದ ಹೊರಗೆ ಧುಮುಕುವ ನೀರನ್ನು ಬಕೆಟ್ಟಿಗೆ ಹಿಡಿದು ತಂಪಕ್ಕ ಎಣಿಸುತ್ತಾರೆ. "ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು." ಬಕೆಟ್ ತುಂಬಿತು. ಇದು ನಿಧಾನ ಓಟದ ಲೆಕ್ಕ, ಸರಿಯಾಗಿಯೇ ಇದೆ. ಅವರು ಚುಕ್ಕಾಣಿಯ ಕಡೆಗೆ ಕತ್ತೆತ್ತಿ, "ವೇಗದ ಹಿಡಿ ಪೂರ್ತಿ ಎಳಿಯೇ" ಎನ್ನುತ್ತಾರೆ. ಇಂಜಿನ್ ಅಬ್ಬರಿಸುತ್ತದೆ. ಮತ್ತೆ ಬಕೆಟ್, ಮತ್ತೆ ಎಣಿಕೆ. ಹದಿನೈದಕ್ಕೆ ತುಂಬಬೇಕಾದದ್ದು ಹದಿನೈದಕ್ಕೆ ಅರ್ಧವೂ ಆಗಿಲ್ಲ. ಇಪ್ಪತ್ತೈದು. ಮೂವತ್ತು. ಕೊನೆಗೆ ಮೂವತ್ತನಾಲ್ಕಕ್ಕೆ ಬಕೆಟ್ ತುಳುಕುತ್ತದೆ.

ತಂಪಕ್ಕನ ಕಣ್ಣು ಹೊಳೆಯುತ್ತದೆ. ಕಳೆದ ಮೂರು ದಿನಗಳಲ್ಲಿ ಆ ಹೊಳಪು ಕಾಣಿಸಿರಲಿಲ್ಲ. "ಸಿಕ್ಕಿಬಿದ್ದೆ ಕಣೇ ಕಳ್ಳಿ" ಎಂದು ಇಂಜಿನ್ನಿಗೇ ಹೇಳುತ್ತಾರೆ.

ಚುಕ್ಕಾಣಿಯ ಬಳಿ ನಿಂತವಳು ತಂಪಕ್ಕನ ತಂಗಿಯ ಮಗಳು. ಇಪ್ಪತ್ತೊಂಬತ್ತು ವಯಸ್ಸು. ಆರು ವರ್ಷಗಳಿಂದ ಮುದುಕಿಯನ್ನು ನಡೆಸುವವಳು ಅವಳೇ. ಅವಳ ಪಾಲಿಗೆ ಈ ದಿನ ಸಾಮಾನ್ಯ ದಿನವಲ್ಲ. ಹತ್ತು ದಿನಗಳ ಹಿಂದೆ ದೋಣಿಗಳ ತನಿಖಾಧಿಕಾರಿ ಬಂದು ಪರೀಕ್ಷೆಯ ಓಟ ನಡೆಸಿದಾಗ, ಇಪ್ಪತ್ತನೆಯ ನಿಮಿಷಕ್ಕೇ ಇಂಜಿನ್ನಿನ ಬಿಸಿ ತೋರುವ ಗೇಜಿನ ಮುಳ್ಳು ನೂರು ಡಿಗ್ರಿ ದಾಟಿ ಕೆಂಪಿಗೆ ಏರಿತ್ತು. ಅಧಿಕಾರಿ ಇಂದು ಹತ್ತು ಗಂಟೆಗೆ ಮತ್ತೆ ಬರುತ್ತಾರೆ. ಎಂಬತ್ತು ಮರಳಿನ ಚೀಲ ಹೇರಿಕೊಂಡು ಮುದುಕಿ ಒಂದು ಗಂಟೆ ಪೂರ್ತಿ ವೇಗದಲ್ಲಿ ಓಡಬೇಕು. ಮುಳ್ಳು ತೊಂಬತ್ತೈದನ್ನು ಮುಟ್ಟಕೂಡದು. ಮುಟ್ಟಿದರೆ ಪರವಾನಗಿ ರದ್ದು. ದೋಣಿ ದಡಕ್ಕೆ, ಇಂಜಿನ್ ಗುಜರಿಗೆ, ಹುಡುಗಿ ಮನೆಗೆ. ನಡುಗಡ್ಡೆಯ ಇನ್ನೂರು ಚಿಲ್ಲರೆ ಮಂದಿ ಶಾಲೆಗೂ ಆಸ್ಪತ್ರೆಗೂ ದೂರದ ಸೇತುವೆಯ ಮೇಲಿಂದ ಮೂವತ್ತೆಂಟು ಕಿಲೋಮೀಟರ್ ಸುತ್ತು ಹಾಕಬೇಕು.

ನಿತ್ಯದ ಓಡಾಟದಲ್ಲಿ ಈ ರೋಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಳಿವೆಯ ದಾರಿಯಲ್ಲಿ ನೀರಿನ ಆಳ ಕಡಿಮೆ. ಅಲ್ಲಿ ಅರ್ಧ ವೇಗವನ್ನು ಮೀರುವಂತಿಲ್ಲ. ಅರ್ಧ ವೇಗದಲ್ಲಿ ಮುದುಕಿ ಮಂಜುಗಡ್ಡೆಯಷ್ಟು ತಣ್ಣಗೆ. ಪೂರ್ತಿ ವೇಗದಲ್ಲಿ ಮಾತ್ರ ತಲೆ ಕೆಡುತ್ತದೆ.

ತಂಪಕ್ಕನ ದಿನಚರಿ ಕೇಳಿದವರು ಬೆರಗಾಗುತ್ತಾರೆ. ಅವರ ಆರೈಕೆಯಲ್ಲಿ ನಲವತ್ತೊಂದು ಇಂಜಿನ್ನುಗಳಿವೆ. ಅವುಗಳಲ್ಲಿ ಇಪ್ಪತ್ತೇಳು, ಅಂಗಡಿಯಲ್ಲಿ ಬಿಡಿಭಾಗ ಸಿಗುವುದೇ ನಿಂತುಹೋದಂಥವು. ಮುದುಕಿಯ ಇಂಜಿನ್ನಿಗೆ ಮೂವತ್ತನಾಲ್ಕು ವರ್ಷ. ದಿನಕ್ಕೆ ಐದಾರು ದೋಣಿ ಹತ್ತಿಳಿಯುತ್ತಾರೆ. ಇಂಜಿನ್ನಿನ ಗುಂಡಿಗೆ ಇಳಿಯುವಾಗ ಮೈಯನ್ನು ಹಗ್ಗದಂತೆ ಸುರುಳಿ ಮಾಡಬೇಕು. ಎಡಗಿವಿ ಅರ್ಧ ಹೋಗಿದೆ. ಸುಟ್ಟ ಬಲ ಅಂಗೈಗೆ ಬಿಸಿ ತಿಳಿಯುವುದಿಲ್ಲ. ಆದ್ದರಿಂದ ಎಡಗೈ ಬೆರಳುಗಳ ಹಿಂಬದಿಯನ್ನು ಕೊಳವೆಗೆ ತಾಗಿಸಿ ಎಣಿಸುತ್ತಾರೆ. "ಹತ್ತು ಎಣಿಸೋವರೆಗೂ ಇಟ್ಕೋಬಹುದಾದ್ರೆ ಆರೋಗ್ಯ. ನಾಲ್ಕು ಎಣಿಸಿದ್ರೆ ಅರವತ್ತು ಡಿಗ್ರಿ, ಅದೂ ಪರವಾಗಿಲ್ಲ. ಒಂದು ಅನ್ನೋದರೊಳಗೆ ಕೈ ಎಳ್ಕೊಂಡ್ರೆ ಇಂಜಿನ್ ನಿಲ್ಲಿಸಿ, ಮಾತು ಆಮೇಲೆ" ಎಂಬುದು ಅವರ ವೈದ್ಯಶಾಸ್ತ್ರ.

ಆ ಶಾಸ್ತ್ರವನ್ನೆಲ್ಲ ಈ ಮೂರು ದಿನ ಮುದುಕಿಯ ಮೇಲೆ ಪ್ರಯೋಗಿಸಿದ್ದಾಯಿತು. ಮೊದಲ ದಿನ ಪಂಪ್ ಬಿಚ್ಚಿ, ಗಟ್ಟಿಯಾಗಿದ್ದ ರಬ್ಬರ್ ಚಕ್ರ ತೆಗೆದು ಹೊಸತು ಕೂರಿಸಿದರು, ಬೆಲ್ಟ್ ಬದಲಿಸಿದರು. ಜ್ವರ ಇಳಿಯಲಿಲ್ಲ. ಎರಡನೆಯ ದಿನ, ಒಳಗಿನ ಬಿಸಿನೀರು ಹೊರಗಿನ ತಣ್ಣೀರಿಗೆ ತನ್ನ ಕಾವನ್ನು ದಾಟಿಸುವ ಕೂಲರನ್ನು ಕಳಚಿ, ಅದರ ಐವತ್ತೆರಡು ಸಣ್ಣ ನಳಿಗೆಗಳಲ್ಲಿ ಒಂದೊಂದಕ್ಕೂ ಕಡ್ಡಿ ಹಾಕಿ ಉಪ್ಪು ಕೆರೆದರು. ಜ್ವರ ಇಳಿಯಲಿಲ್ಲ. ಮೂರನೆಯ ದಿನ ಥರ್ಮೋಸ್ಟಾಟನ್ನು ಮನೆಗೆ ಒಯ್ದರು. ಇಂಜಿನ್ ಕಾದಾಗ ತಾನೇ ಬಾಯಿ ತೆರೆದು ನೀರು ಬಿಡುವ ಆ ಪುಟ್ಟ ಹಿತ್ತಾಳೆ ಬಾಗಿಲನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ತೂಗುಬಿಟ್ಟು ಕಾದರು. ಎಪ್ಪತ್ತಾರಕ್ಕೆ ಸರಿಯಾಗಿ ಬಾಯಿ ತೆರೆಯಿತು. ಅದರ ತಪ್ಪೂ ಇಲ್ಲ.

"ಊಟಕ್ಕೇನು ಅಂತ ಮುಚ್ಚಳ ತೆಗೆದೆ" ಎಂದು ಬಡಗಿ ನೆನೆಸಿಕೊಳ್ಳುತ್ತಾರೆ. "ಒಳಗೆ ಥರ್ಮೋಸ್ಟಾಟ್ ಕುದೀತಾ ಇತ್ತು. ಉಪ್ಪು ಹಾಕಿದೀಯಾ ಅಂತ ಕೇಳಿದ್ದೇ ತಪ್ಪಾಯ್ತು."

"ಬೇರೆಯವರಾದ್ರೆ ಅದನ್ನ ಕಿತ್ತು ಬಿಸಾಡ್ತಾರೆ" ಎನ್ನುತ್ತಾರೆ ತಂಪಕ್ಕ, ಗಂಡನ ಮಾತು ಕಿವಿಗೆ ಬೀಳದವರಂತೆ. "ಬಾಗಿಲೇ ಇಲ್ಲದಿದ್ರೆ ನೀರು ಚೆನ್ನಾಗಿ ಹರಿಯತ್ತೆ ಅನ್ನೋ ಬುದ್ಧಿವಂತಿಕೆ. ಈ ಥರದ ಇಂಜಿನ್ನಲ್ಲಿ ಅದನ್ನ ತೆಗೆದ್ರೆ, ನೀರು ಕೂಲರಿಗೆ ಹೋಗದೆ ಅಡ್ಡದಾರೀಲಿ ಸುತ್ತತ್ತೆ. ಇನ್ನೂ ಹೆಚ್ಚು ಕಾಯತ್ತೆ. ಯಂತ್ರದಲ್ಲಿ ಬೇಡದ್ದು ಅಂತ ಯಾವುದನ್ನೂ ಇಟ್ಟಿರಲ್ಲಪ್ಪ."

ಮೂರು ದಿನ ಸೋತ ಮೇಲೆ ಈ ನಾಲ್ಕನೆಯ ಬೆಳಗು, ಈ ಮೂವತ್ತನಾಲ್ಕರ ಎಣಿಕೆ. ವೇಗ ಮೂರು ಪಟ್ಟು ಏರಿದರೂ ನೀರು ಹೆಚ್ಚಿದ್ದು ಹೆಸರಿಗಷ್ಟೇ. ಪಂಪಿನ ಚಕ್ರ ಹೊಸತು, ಪಂಪಿನಿಂದ ಮುಂದಿನ ದಾರಿಯೆಲ್ಲ ಶುಚಿ. ಹಾಗಾದರೆ ಪಂಪ್ ಎಳೆಯುತ್ತಿದೆ, ಆದರೆ ಎಳೆಯಲು ನೀರು ಸಿಗುತ್ತಿಲ್ಲ. ರೋಗ ಪಂಪಿನ ಮುಂದಿಲ್ಲ, ಹಿಂದಿದೆ.

ಇದನ್ನು ಊಹಿಸಿದರೆ ಸಾಲದು, ಸಾಬೀತು ಮಾಡಬೇಕು. ಗಂಟೆ ಏಳಾಗುವಷ್ಟರಲ್ಲಿ ಇನ್ನೂರು ಲೀಟರಿನ ನೀಲಿ ಪೀಪಾಯಿಯೊಂದು ದೋಣಿಯ ಮೇಲೇರುತ್ತದೆ. ಬಡಗಿ ಮತ್ತು ಹುಡುಗಿ ಇಬ್ಬರೂ ಸೇರಿ ಬಕೆಟ್ಟಿನಲ್ಲಿ ನೀರು ಮೊಗೆದು ಅದನ್ನು ತುಂಬಿಸುತ್ತಾರೆ. ತಂಪಕ್ಕ ಅಳಿವೆಯ ನೀರನ್ನು ಒಳಬಿಡುವ ತಳದ ವಾಲ್ವ್ ಮುಚ್ಚಿ, ಅಲ್ಲಿಂದ ಪಂಪಿಗೆ ಬರುವ ಹೋಸನ್ನು ಕಳಚಿ, ಅದರ ತುದಿಯನ್ನು ಪೀಪಾಯಿಗೆ ಇಳಿಬಿಡುತ್ತಾರೆ. ಈಗ ಇಂಜಿನ್ ಕುಡಿಯುವುದು ಅಳಿವೆಯ ನೀರನ್ನಲ್ಲ, ಪೀಪಾಯಿಯ ನೀರನ್ನು.

"ನಾಲ್ಕೂವರೆ ನಿಮಿಷಕ್ಕೆ ಪೀಪಾಯಿ ಖಾಲಿ. ಅಷ್ಟರೊಳಗೆ ಲೆಕ್ಕ ಮುಗಿಸಬೇಕು. ಎಳಿ" ಎನ್ನುತ್ತಾರೆ.

ಹುಡುಗಿ ಪೂರ್ತಿ ಎಳೆಯುತ್ತಾಳೆ. ಹೊಗೆಕೊಳವೆಯಿಂದ ನೀರು ಈ ಬಾರಿ ಬೀಳುವುದಿಲ್ಲ, ಚಿಮ್ಮುತ್ತದೆ. ತಂಪಕ್ಕನ ಸೆರಗು, ತೋಳು, ಕನ್ನಡಕ ಎಲ್ಲವೂ ತೊಯ್ದು ತೊಪ್ಪೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಬಕೆಟ್ ತುಂಬಿ ಹರಿಯುತ್ತದೆ. "ಹದಿನಾಲ್ಕು" ಎಂದು ಅವರು ಹೇಳುವ ರೀತಿಯಲ್ಲಿ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಮಗುವಿನ ಹುರುಪಿದೆ.

"ಹಾಗಾದ್ರೆ ವಾಲ್ವ್ ಕೆಟ್ಟಿದೆಯಾ ದೊಡ್ಡಮ್ಮ?" ಹುಡುಗಿ ಕೇಳುತ್ತಾಳೆ.

"ನೋಡೇಬಿಡೋಣ." ಇಂಜಿನ್ ನಿಲ್ಲುತ್ತದೆ. ಹೋಸ್ ಕಳಚಿದ ವಾಲ್ವನ್ನು ತಂಪಕ್ಕ ತೆರೆಯುತ್ತಾರೆ. ನೀರು ಉಕ್ಕಿ ಮೇಲೇಳುತ್ತದೆ. ಬಡಗಿ ಇಣುಕಿ, "ಇಷ್ಟು ಚೆನ್ನಾಗಿ ಬರ್ತಾ ಇದೆಯಲ್ಲೇ" ಎನ್ನುತ್ತಾರೆ.

"ಚೆನ್ನಾಗಿ ಅನ್ನೋದು ಒಂದು ಅಳತೆಯೇನ್ರೀ? ಬಕೆಟ್ ಹಿಡೀರಿ."

ಅದೇ ಬಕೆಟ್. ಅದೇ ಎಣಿಕೆ. ಮೂವತ್ಮೂರು. ಕಣ್ಣಿಗೆ ತೃಪ್ತಿಕೊಡುವ ಆ ನೀರು ಇಂಜಿನ್ನಿನ ಬಾಯಾರಿಕೆಗೆ ಅರ್ಧದಷ್ಟೂ ಅಲ್ಲ. ಅಷ್ಟು ದಪ್ಪದ ಕೊಳವೆ ಹತ್ತು ಹನ್ನೊಂದು ಎಣಿಸುವಷ್ಟರಲ್ಲಿ ಬಕೆಟ್ ತುಂಬಬೇಕು. ತಂಪಕ್ಕ ವಾಲ್ವಿನೊಳಗೆ ಒಂದು ತಂತಿ ಇಳಿಸುತ್ತಾರೆ. ತಂತಿ ಸರಾಗವಾಗಿ ಹೋಗಿ, ತಳದ ಹಲಗೆಯ ಹೊರಮುಖದಲ್ಲಿ ಟಕ್ಕೆಂದು ನಿಲ್ಲುತ್ತದೆ. ಅಲ್ಲಿರುವುದು ಜಾಲರಿ: ಕಸ ಕಡ್ಡಿ ಒಳಬಾರದಂತೆ ಹಲಗೆಗೆ ಹೊರಗಿನಿಂದ ಬಡಿದ, ನಲವತ್ತೆಂಟು ತೂತುಗಳ ಕಂಚಿನ ತಟ್ಟೆ.

"ಶಂಖದ ಹುಳ ಮೆತ್ತಿಕೊಂಡಿರಬೇಕು" ಎನ್ನುತ್ತಾಳೆ ಹುಡುಗಿ. ಹೇಳುತ್ತಲೇ ಹೊರಗಿನ ಅಂಗಿ ಕಳಚಿ, ಸೊಂಟಕ್ಕೆ ಹಗ್ಗ ಬಿಗಿದು, ಬಡಗಿಯ ದಬ್ಬಳವೊಂದನ್ನು ಹಿಡಿದು ನೀರಿಗೆ ಧುಮುಕುತ್ತಾಳೆ.

ಮೇಲೆ ಬಂದವಳ ಮುಖದಲ್ಲಿ ಬಣ್ಣವಿಲ್ಲ. ಬಣ್ಣ ಇರುವುದು ಅವಳ ಬೆರಳ ತುದಿಯಲ್ಲಿ: ಉಗುರಿನಗಲದ ಒಂದು ನೀಲಿ ಹಕ್ಕಳೆ.

ಪರೀಕ್ಷೆಗೆಂದು ಮೂರು ವಾರಗಳ ಹಿಂದೆ ಮುದುಕಿಯನ್ನು ದಡಕ್ಕೆ ಎಳೆದು, ತಳಕ್ಕೆ ಎರಡು ಕೋಟ್ ಹೆಚ್ಚು ಬಣ್ಣ ಬಳಿದವಳು ಅವಳೇ. ಅಂಗಾತ ಮಲಗಿ, ಒಂದು ಮೂಲೆಯನ್ನೂ ಬಿಡದೆ, ಮನಸ್ಸಿಟ್ಟು ಬಳಿದಿದ್ದಳು. ಜಾಲರಿಯನ್ನೂ ಬಿಟ್ಟಿರಲಿಲ್ಲ.

"ಹತ್ತೊಂಬತ್ತು ತೂತು ಪೂರ್ತಿ ಮುಚ್ಚಿದೆ" ಎನ್ನುತ್ತಾಳೆ ಏಣಿ ಹಿಡಿದು. "ಉಳಿದವು ಸಾಸಿವೆಯಷ್ಟು. ನಾನೇ ಬಳಿದದ್ದು ದೊಡ್ಡಮ್ಮ. ನೀವು ಮೂರು ದಿನ ಆ ಗುಂಡೀಲಿ ಬಿದ್ದಿದ್ದು ನನ್ನಿಂದ."

"ಅಳೋದಿದ್ರೆ ನೀರೊಳಗೇ ಅಳು. ಅಲ್ಲಿ ಯಾರಿಗೂ ಕಾಣಿಸಲ್ಲ, ಕೆಲಸಾನೂ ಆಗತ್ತೆ. ಗಂಟೆ ಎಂಟಾಯ್ತು" ಎನ್ನುತ್ತಾರೆ ತಂಪಕ್ಕ.

ಅವಳು ಮತ್ತೆ ಮುಳುಗುತ್ತಾಳೆ. ಒಂದು ಮುಳುಗಿಗೆ ಎರಡೋ ಮೂರೋ ತೂತು. ಕೆರೆದ ಚೂರುಗಳು ಒಳಕ್ಕೆ ಸಿಕ್ಕಿಕೊಳ್ಳಬಾರದೆಂದು ತಂಪಕ್ಕ ವಾಲ್ವ್ ತೆರೆದಿಟ್ಟು, ಅದರ ಬಾಯಿಗೆ ತೆಳುಬಟ್ಟೆ ಕಟ್ಟಿ, ಉಕ್ಕುವ ನೀರನ್ನು ಸೋಸುತ್ತಾರೆ. ಬಟ್ಟೆಯ ಮೇಲೆ ಹಕ್ಕಳೆಗಳು ಬಂದು ಬೀಳುತ್ತವೆ. ಮೊದಲು ನೀಲಿ.

"ನೀಲಿ ನನ್ನದಲ್ಲ" ಎನ್ನುತ್ತಾರೆ ಬಡಗಿ, ಯಾರೂ ಕೇಳದೆಯೇ. "ನಾನು ಬಣ್ಣ ಬಳಿಯೋದು ಬಿಟ್ಟು ಆರು ವರ್ಷ ಆಯ್ತು."

ಐದನೆಯ ಮುಳುಗಿಗೆ ನೀಲಿಯ ಅಡಿಯ ಹಸಿರು ಬರುತ್ತದೆ. ಒಂಬತ್ತನೆಯದಕ್ಕೆ ಇಟ್ಟಿಗೆಗೆಂಪು. ಅದರ ಬೆನ್ನಿಗೆ ಬಿಳಿ. ಕೆಂಪು ಮತ್ತು ಬಿಳಿ ಯಾರ ಕಾಲದ ಬಣ್ಣವೆಂಬುದು ಕಟ್ಟೆಯ ಕಾಗೆಗಳಿಗೂ ಗೊತ್ತು. ಬಡಗಿ ಇದ್ದಕ್ಕಿದ್ದಂತೆ ಮರಳಿನ ಚೀಲಗಳನ್ನು ಎಣಿಸಲು ಹೊರಡುತ್ತಾರೆ. ತಂಪಕ್ಕ ತಲೆಯೆತ್ತದೆ, "ಚೀಲ ಎಂಬತ್ತೇ ಇದೆ, ಬನ್ನಿ. ಕೆಂಪು ಹಕ್ಕಳೆ ನೋಡಿ, ಎಷ್ಟು ಗಟ್ಟಿ ಬಳಿದಿದ್ದೀರಿ" ಎನ್ನುತ್ತಾರೆ. ಹೀಗೆ, ಜಾಲರಿ ಕೂರಿಸಿದಂದಿನಿಂದ ಒಂಬತ್ತು ವರ್ಷಗಳ ಅಂದಚೆಂದ ಪದರ ಪದರವಾಗಿ ಕೂತು ಮುದುಕಿಯ ಗಂಟಲು ಕಟ್ಟಿತ್ತು. ಕೊನೆಯ ಎರಡು ಕೋಟ್ ಅದಕ್ಕೆ ಬಿರಡೆ ಜಡಿದಿದ್ದವು.

ಹದಿನೇಳು ಮುಳುಗಿಗೆ ನಲವತ್ತೆಂಟು ತೂತೂ ತೆರೆಯುತ್ತವೆ. ತಂಪಕ್ಕ ಬಟ್ಟೆ ಬಿಚ್ಚಿ ಬಕೆಟ್ ಹಿಡಿಯುತ್ತಾರೆ. ಹನ್ನೊಂದಕ್ಕೆ ಭರ್ತಿ. ಒಂಬತ್ತೂವರೆಯೊಳಗೆ ಹೋಸ್ ಕೂರಿಸಿ, ಕ್ಲಿಪ್ ಬಿಗಿದು, ಎಲ್ಲರೂ ಸೇರಿ ಚೀಲ ಹೇರಿ ಮುಗಿಸುತ್ತಾರೆ. ಇನ್ನೇನು ಬೇಕು, ಅಧಿಕಾರಿ ಬರುವುದೊಂದೇ ಬಾಕಿ ಎನ್ನುವಾಗ, ಒದ್ದೆ ಕೂದಲನ್ನು ಹಿಂಡುತ್ತ ಹುಡುಗಿ ಕಟ್ಟೆಯ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ.

"ಚುಕ್ಕಾಣಿ ನಾನು ಹಿಡಿಯಲ್ಲ ದೊಡ್ಡಮ್ಮ. ಆಚೆ ದೋಣಿಯವರನ್ನ ಕರೀರಿ. ತನ್ನ ದೋಣಿ ಬಾಯಿಗೆ ತಾನೇ ಬಣ್ಣ ಮೆತ್ತೋಳು ಇನ್ನೂರು ಜನರನ್ನ ದಾಟಿಸ್ತಾಳಂತೆ."

"ಪರವಾನಗಿ ನಿನ್ನ ಹೆಸರಲ್ಲಿದೆ. ನೀನು ಹಿಡೀದಿದ್ರೆ ಪರೀಕ್ಷೆಯೇ ಇಲ್ಲ."

"ಇಲ್ಲದಿದ್ರೆ ಬೇಡ. ನೀವಾಗಿದ್ರೆ ಇಂಥ ತಪ್ಪು ಮಾಡ್ತಿದ್ರಾ? ನೀವು ಇಪ್ಪತ್ತೆರಡಕ್ಕೆ ಮೂವತ್ತೊಂದು ಜೀವ ಉಳಿಸಿದೋರು."

ತಂಪಕ್ಕ ಕನ್ನಡಕ ತೆಗೆದು, ಒದ್ದೆ ಸೆರಗಿನಲ್ಲೇ ಒರೆಸುತ್ತಾರೆ. ಅದು ಇನ್ನಷ್ಟು ಮಸುಕಾಗುತ್ತದೆ. ಅವರು ಮೆಟ್ಟಿಲ ಮೇಲೆ, ಹುಡುಗಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರುತ್ತಾರೆ. ಅವರ ಹೆಸರು, ಕಟ್ಟೆಯ ಮೇಲಿನ ಮಾನ, ನಲವತ್ತೊಂದು ಇಂಜಿನ್ನುಗಳ ನಂಬಿಕೆ ಎಲ್ಲವೂ ನಿಂತಿರುವುದು ಆ ಒಂದು ದಿನದ ಮೇಲೆ. ಆ ದಿನದ ಒಂದು ಚೂರನ್ನು ಅವರು ಇದುವರೆಗೆ ಯಾರಿಗೂ ತೋರಿಸಿಲ್ಲ.

"ಆ ರಬ್ಬರ್ ಚಕ್ರ ಯಾಕೆ ಚೂರಾಯ್ತು ಅಂತ ಯಾವತ್ತಾದ್ರೂ ಕೇಳಿದೀಯಾ?"

"ಹಳೇದಾಗಿತ್ತು ಅಂತೀರಲ್ಲ."

"ಹಳೇದಲ್ಲ. ಎರಡು ತಿಂಗಳಾಗಿತ್ತು ಅಷ್ಟೆ. ಆವತ್ತು ಬೆಳಿಗ್ಗೆ ತಳದ ವಾಲ್ವ್ ಮುಚ್ಚಿ ಕಸ ತೆಗೆದೆ. ತೆರೆಯೋದು ಮರೆತೆ. ಹಾಗೇ ಇಂಜಿನ್ ಶುರು ಮಾಡಿದೆ. ನೀರಿಲ್ಲದೆ ತಿರುಗಿದ್ರೆ ಆ ರಬ್ಬರ್ ಎರಡು ನಿಮಿಷಕ್ಕೆ ಸುಡತ್ತೆ. ವಾಸನೆ ಬಂತು, ಓಡಿ ಹೋಗಿ ತೆರೆದೆ. ನೀರು ಬಂತು. ಯಾರಿಗೂ ಗೊತ್ತಾಗಲಿಲ್ಲ. ಒಳಗೆ ಸುಟ್ಟಿದೆ ಅಂತ ನನಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ಬಾಯಿಮುಚ್ಚಿಕೊಂಡು ಹೊರಟೆ. ಹೇಳಿದ್ರೆ ‘ಹೆಣ್ಣು ಕೈಗೆ ಕೊಟ್ರೆ ಹೀಗೇ’ ಅಂತಾರಲ್ಲ, ಅದಕ್ಕೆ. ನಟ್ಟನಡುವೆ ಅದು ಚೂರಾಯ್ತು. ನಾನು ಉಳಿಸಿದ್ದು ನಿಜ. ಮುಳುಗಿಸೋಕೆ ಹೊರಟಿದ್ದೂ ನಾನೇ."

ಚೀಲಗಳ ಹಿಂದಿನಿಂದ ಬಡಗಿಯ ದನಿ ಬರುತ್ತದೆ: "ಮೂವತ್ತೊಂಬತ್ತು ವರ್ಷ ಒಂದೇ ಮನೇಲಿ ಇದೀವಿ. ನನಗೆ ಒಂದು ಮಾತು ಹೇಳಿಲ್ಲ ನೋಡು."

"ನೀವು ಕೆಂಪು ಬಣ್ಣದ ವಿಷಯ ಹೇಳಿದ್ರಾ?"

ಬಡಗಿ ಮತ್ತೆ ಚೀಲ ಎಣಿಸತೊಡಗುತ್ತಾರೆ. ತಂಪಕ್ಕ ಹುಡುಗಿಯ ಕಡೆಗೆ ತಿರುಗುತ್ತಾರೆ. "ನಿನ್ನ ಬೆರಳಲ್ಲಿ ಬಣ್ಣ ಕಂಡ ತಕ್ಷಣ ನೀನು ಬಾಯಿಬಿಟ್ಟು ಹೇಳಿದೆ. ಆವತ್ತು ನನ್ನಿಂದ ಅದು ಆಗಲಿಲ್ಲ. ಅಂಥವಳ ಕೈಲೇ ಚುಕ್ಕಾಣಿ ಇರಬೇಕು. ಏಳು, ಬೇರೆ ಬಟ್ಟೆ ಹಾಕ್ಕೋ. ಅಧಿಕಾರಿ ಮುಂದೆ ಒದ್ದೆ ಬೆಕ್ಕಿನ ಥರ ನಿಲ್ಲಬೇಡ."

ಹತ್ತಕ್ಕೆ ಎರಡು ನಿಮಿಷವಿದೆ ಎನ್ನುವಾಗ ಅಧಿಕಾರಿ ಬರುತ್ತಾರೆ. ಕೈಚೀಲ, ಕೈಗಡಿಯಾರ, ದೂರದಿಂದಲೇ ಗುರಿಯಿಟ್ಟು ಬಿಸಿ ಅಳೆಯುವ ಪಿಸ್ತೂಲಿನಂಥ ಒಂದು ಉಪಕರಣ. ಮಾತು ಕಡಿಮೆ. ಹುಡುಗಿ ಚುಕ್ಕಾಣಿ ಹಿಡಿಯುತ್ತಾಳೆ. ಹಗ್ಗಗಳು ಕಳಚುತ್ತವೆ. ಅಳಿವೆಯ ಬಾಯಿಯಾಚೆಯ ಆಳನೀರಿಗೆ ಬಂದೊಡನೆ ಅಧಿಕಾರಿ ತಲೆಯಾಡಿಸುತ್ತಾರೆ. ಹುಡುಗಿ ಪೂರ್ತಿ ಎಳೆಯುತ್ತಾಳೆ.

ಮುದುಕಿ ಮೂತಿ ಎತ್ತಿ ಓಡುತ್ತಾಳೆ. ಎಂಬತ್ತು ಮರಳಿನ ಚೀಲದ ಭಾರಕ್ಕೆ ಹಲಗೆಗಳೆಲ್ಲ ಗದಗದಿಸುತ್ತವೆ. ಮೂವತ್ತನಾಲ್ಕು ವರ್ಷದ ಇಂಜಿನ್ನಿನ ಸದ್ದು ಅಳಿವೆಯ ಎರಡೂ ದಡಕ್ಕೆ ಬಡಿದು ಮರಳುತ್ತದೆ. ಹಿಂದೆ ಹೊಗೆಕೊಳವೆಯಿಂದ ನೀರು ಬಿಳಿಯ ಬಾಲದಂತೆ ಹಾರುತ್ತಿದೆ. ಹತ್ತನೆಯ ನಿಮಿಷಕ್ಕೆ ಮುಳ್ಳು ಎಪ್ಪತ್ತೆಂಟು. ಇಪ್ಪತ್ತಕ್ಕೆ ಎಂಬತ್ತೆರಡು. ಮೂವತ್ತಕ್ಕೆ ಎಂಬತ್ತನಾಲ್ಕು. ನಲವತ್ತಕ್ಕೆ ಎಂಬತ್ತಾರು. ಏರುತ್ತಿದೆಯೇ?

ತಂಪಕ್ಕ ಗೇಜನ್ನು ನೋಡುತ್ತಲೇ ಇಲ್ಲ. ಇಂಜಿನ್ನಿನ ಗುಂಡಿಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಕೂಲರಿನಿಂದ ಹೊರಬರುವ ಕೊಳವೆಗೆ ಎಡಗೈ ಬೆರಳ ಹಿಂಬದಿ ತಾಗಿಸಿದ್ದಾರೆ. ತುಟಿ ಅಲುಗುತ್ತಿದೆ. ಅಧಿಕಾರಿ ಬಗ್ಗಿ, "ಏನಮ್ಮಾ ಎಣಿಸ್ತಾ ಇದೀರಿ?" ಎಂದು ಕೇಳುತ್ತಾರೆ.

"ನಾಲ್ಕು ಎಣಿಸೋವರೆಗೂ ಕೈ ನಿಲ್ಲತ್ತೆ ಸಾರ್. ಅಂದ್ರೆ ಅರವತ್ತು."

ಅಧಿಕಾರಿ ತಮ್ಮ ಉಪಕರಣವನ್ನು ಆ ಕೊಳವೆಗೆ ಗುರಿಯಿಡುತ್ತಾರೆ. ಅದು ಐವತ್ತೊಂಬತ್ತು ತೋರಿಸುತ್ತದೆ. ಅವರು ಒಮ್ಮೆ ಉಪಕರಣವನ್ನೂ ಒಮ್ಮೆ ಆ ಬೆರಳುಗಳನ್ನೂ ನೋಡುತ್ತಾರೆ. "ಒಂದು ಡಿಗ್ರಿ ತಪ್ಪಿದೆ" ಎನ್ನುತ್ತಾರೆ.

"ನಿಮ್ಮದು ಹೊಸದಲ್ವಾ ಸಾರ್, ಪಳಗಬೇಕು" ಎನ್ನುತ್ತಾರೆ ತಂಪಕ್ಕ.

ಐವತ್ತಕ್ಕೆ ಎಂಬತ್ತಾರು. ಅರವತ್ತನೆಯ ನಿಮಿಷಕ್ಕೂ ಎಂಬತ್ತಾರು. ಮುಳ್ಳು ಅಲ್ಲಿಯೇ, ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದೆ. ಅಧಿಕಾರಿ ಕೈಗಡಿಯಾರ ನೋಡಿ, ಕೈಚೀಲದಿಂದ ಕಾಗದ ತೆಗೆದು, ಮೊಣಕಾಲ ಮೇಲಿಟ್ಟುಕೊಳ್ಳುತ್ತಾರೆ. "ಹೋದ ಸಲ ಏನಾಗಿತ್ತು?"

ಹುಡುಗಿ ಚುಕ್ಕಾಣಿಯಿಂದ ಕಣ್ಣು ತೆಗೆಯದೆ ಉತ್ತರಿಸುತ್ತಾಳೆ: "ತಳದ ಜಾಲರಿಗೆ ಬಣ್ಣ ಬಳಿದುಬಿಟ್ಟಿದ್ದೆ ಸಾರ್. ನಾನೇ. ತೂತೆಲ್ಲ ಮುಚ್ಚಿತ್ತು."

ಅಧಿಕಾರಿ ಪೆನ್ನು ತೆಗೆಯುತ್ತಾರೆ. "ಹೀಗೆ ಹೇಳೋರನ್ನ ನಾನು ಕಂಡಿದ್ದು ಕಡಿಮೆ" ಎಂದು, ಎರಡು ವರ್ಷಗಳ ಪರವಾನಗಿಗೆ ಸಹಿ ಹಾಕುತ್ತಾರೆ.

ಮಧ್ಯಾಹ್ನ ಎರಡರ ಓಟಕ್ಕೆ ಮುದುಕಿ ನಲವತ್ತಮೂರು ಜನರನ್ನು ಹೊತ್ತು ಹೊರಡುತ್ತಾಳೆ. ಶಾಲೆಯ ಚೀಲಗಳು, ಗ್ಯಾಸ್ ಸಿಲಿಂಡರ್, ಆಸ್ಪತ್ರೆಯಿಂದ ಮರಳುತ್ತಿರುವ ಕಾಲಿಗೆ ಪಟ್ಟಿ ಕಟ್ಟಿದ ಒಬ್ಬ ಅಜ್ಜ. ಬೆಳಗಿನಿಂದ ನಡೆದದ್ದರ ಸುಳಿವು ಯಾರಿಗೂ ಇಲ್ಲ; ಇರಬೇಕಾದ ಅಗತ್ಯವೂ ತಂಪಕ್ಕನಿಗೆ ಕಾಣುವುದಿಲ್ಲ. ಅವರು ಚುಕ್ಕಾಣಿಯ ಪಕ್ಕದ ಹಲಗೆಗೆ ಬೆನ್ನು ಕೊಟ್ಟು, ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಕಾಲು ಚಾಚಿದ್ದಾರೆ. ಇಷ್ಟು ವರ್ಷ ದುಡಿದದ್ದಕ್ಕೆ ಏನು ಬೇಕೆನ್ನಿಸುತ್ತದೆ ಎಂದು ಕೇಳಿದರೆ ತಡಮಾಡದೆ ಹೇಳುತ್ತಾರೆ: "ಬಣ್ಣದ ಡಬ್ಬದ ಮೇಲೆ ‘ಜಾಲರಿಗೆ ಬಳಿಯಬೇಡಿ’ ಅಂತ ದಪ್ಪಕ್ಷರದಲ್ಲಿ ಬರೆದಿಡಲಿ. ಇನ್ನೊಬ್ಬರು ಮೂರು ದಿನ ಗುಂಡೀಲಿ ಬೀಳೋದು ತಪ್ಪತ್ತೆ. ಅಷ್ಟು ಸಾಕು."

ಹುಡುಗಿ ದೋಣಿಯನ್ನು ನಡುಗಡ್ಡೆಯ ಕಡೆಗೆ ತಿರುಗಿಸುತ್ತಾಳೆ.

"ದೊಡ್ಡಮ್ಮ, ಆ ಕೈಪಂಪಿನ ದಿನದ್ದು ಇನ್ನೊಂದ್ಸಲ ಹೇಳಿ."

"ಹುಟ್ಟಿದಾಗಿಂದ ಕೇಳ್ತಾನೇ ಇದೀಯಲ್ಲೇ."

"ಅದಲ್ಲ" ಎನ್ನುತ್ತಾಳೆ ಹುಡುಗಿ. "ನೀವು ವಾಲ್ವ್ ತೆರೆಯೋದು ಮರೆತ ಕಡೆಯಿಂದ ಹೇಳಿ."